ಟ್ರೇಲರಿನಲ್ಲಿ ನಿಂತವಳು

"ನಾನು ಮಾಡುವುದನ್ನೇ ಅವರಿಗೂ ಹೇಳಿದ್ದೇನೆ. ಅದಕ್ಕಿಂತ ಎಳ್ಳಷ್ಟೂ ಹೆಚ್ಚಿಗೆ ಕೇಳಿಲ್ಲ. ಆದರೂ ಅವರು ಏಕೆ ಬೀಳುತ್ತಾರೆ, ಅಜ್ಜಾರೇ?"

ಹೀಗೆ ತಮ್ಮ ಹಿರಿಯ ಗುರುಗಳನ್ನು ಕೇಳಿದವರು ಮಠದ ಕಿರಿಯ ಸ್ವಾಮಿ ಗುರುಪಾದ ದೇವರು. ಮಠದ ಸಾಧಕರನ್ನು ನಡೆಸುವ ಹೊಣೆ ಅವರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವರು ನಸುಕಿನಲ್ಲಿ ಏಳುತ್ತಿದ್ದರು, ಒಪ್ಪೊತ್ತು ಉಣ್ಣುತ್ತಿದ್ದರು, ಬರಿಯ ನೆಲದ ಮೇಲೆ ಮಲಗುತ್ತಿದ್ದರು. ಸಾಧಕರೂ ಹಾಗೆಯೇ ಇರಬೇಕೆಂದು ಕಟ್ಟಳೆ ಮಾಡಿದ್ದರು. ಆ ವಾರ ಒಬ್ಬ ಸಾಧಕ ಪೂಜೆಗೆ ನಿಂತಲ್ಲೇ ಕುಸಿದು ಆಸ್ಪತ್ರೆ ಸೇರಿದ್ದ. ಇನ್ನೊಬ್ಬ ಯಾರಿಗೂ ಹೇಳದೆ ತನ್ನ ಊರಿಗೆ ಹೊರಟುಹೋಗಿದ್ದ.

ಹಿರಿಯ ಗುರುಗಳು ಶಿಷ್ಯನ ಮುಖವನ್ನು ನೋಡಿದರು. ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಹಾಲು ಮಾರುವವನಿದ್ದ. ಅವನಲ್ಲಿ ಒಂದು ಪಿಕಪ್ ಗಾಡಿ ಇತ್ತು. ದಿನವೂ ಹಾಲಿನ ಕ್ಯಾನು ತುಂಬಿಕೊಂಡು ಹಳ್ಳಿ ಹಳ್ಳಿ ಸುತ್ತಿ ಗಾಡಿ ಅವನ ಮೈಗೆ ಒಗ್ಗಿಹೋಗಿತ್ತು. ಎಂಥ ಏರಿನಲ್ಲಿ ನಿಲ್ಲಿಸಿದರೂ ಗೇಣಷ್ಟೂ ಹಿಂದೆ ಜಾರಲು ಬಿಡದೆ ಹೊರಡಿಸುತ್ತಿದ್ದ. ಅವನ ಕೈಯಲ್ಲಿ ಎಂಜಿನ್ ನಿಂತುಹೋದದ್ದನ್ನು ಯಾರೂ ಕಂಡಿರಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆ ಇತ್ತು. ಅವನ ಹೆಂಡತಿಯ ಅಣ್ಣ ಅಡಿವೆಪ್ಪನಿಗೂ ಗಾಡಿ ಬಿಡಲು ಬರುತ್ತಿತ್ತು. ಆದರೆ ಅವನು ಗೇರ್ ಹಾಕುವ ಮುಂಚೆ ಎರಡು ಸಲ ಯೋಚಿಸುವವನು. ಏರಿನಲ್ಲಿ ಅವನ ಗಾಡಿ ಆಗಾಗ ನಿಂತುಬಿಡುತ್ತಿತ್ತು. ಹಾಲಿನವನು ನಾಲ್ಕು ಜನರೆದುರು ಅದನ್ನು ಹೇಳಿ ನಗುತ್ತಿದ್ದ.

ಅಡಿವೆಪ್ಪನ ಊರು ಘಟ್ಟದ ಆಚೆ. ಅಲ್ಲಿ ಕಾಲುವೆ ಇತ್ತು, ಹಸಿಮೇವು ಇತ್ತು, ಪಕ್ಕದಲ್ಲಿ ಸಕ್ಕರೆ ಕಾರ್ಖಾನೆಯ ಕಾಲೊನಿ ಇತ್ತು. ಅಲ್ಲಿಗೆ ಹೋಗಿ ನೆಲೆಸಿದರೆ ಹಾಲಿನ ವ್ಯಾಪಾರ ಕುದುರುತ್ತದೆಂದು ಗಂಡ ಹೆಂಡತಿ ಮಾತಾಡಿಕೊಂಡರು. ಹೆಂಡತಿಯ ಹೆಸರು ಬಾಳವ್ವ. ಅವಳು ತವರಿನಿಂದ ತಂದ ಒಂದು ಎಮ್ಮೆ ಇತ್ತು. ಅದು ಆಗ ತುಂಬು ಗಬ್ಬ. ಬಾಳವ್ವನಿಗೆ ಮಕ್ಕಳಿರಲಿಲ್ಲ. ಆ ಎಮ್ಮೆ ಅವಳ ದನಿ ಕೇಳಿದರೆ ಸಾಕು, ಮೇವು ಬಿಟ್ಟು ಕತ್ತೆತ್ತುತ್ತಿತ್ತು.

"ಮೊದಲು ಸಾಮಾನು ಸಾಗಿಸೋಣ. ಎಮ್ಮೆ ಈದ ಮೇಲೆ ಅದನ್ನು ಕರೆದುಕೊಂಡು ಹೋಗೋಣ" ಎಂದಳು ಬಾಳವ್ವ.

ಗಂಡ ಒಪ್ಪಲಿಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ಸಾಗಿಸುತ್ತೇನೆ ಎಂದ. ಗೆಳೆಯನ ಒಂದು ಟ್ರೇಲರ್ ತಂದು ಪಿಕಪ್‌ನ ಹಿಂದೆ ಕೊಂಡಿ ಹಾಕಿ ಕಟ್ಟಿದ. ಪಾತ್ರೆ, ಹಾಸಿಗೆ, ಕಾಳಿನ ಚೀಲಗಳನ್ನು ಪಿಕಪ್‌ಗೆ ಏರಿಸಿದ. ಎಮ್ಮೆಯನ್ನು ಟ್ರೇಲರಿಗೆ ಹತ್ತಿಸಿದ. ಎಮ್ಮೆ ಗಾಡಿ ಹತ್ತಿದ್ದು ಅದೇ ಮೊದಲು. ಅದು ಹೆದರಿ ಸರಪಳಿ ಜಗ್ಗತೊಡಗಿತು. ಗಂಡನ ಪಕ್ಕದ ಸೀಟಿನಲ್ಲಿ ಕೂರಬೇಕಿದ್ದ ಬಾಳವ್ವ ಇಳಿದು ಹಿಂದೆ ಹೋದಳು. ಎಮ್ಮೆಯ ಕೊರಳಿಗೆ ಕೈ ಹಾಕಿ ಟ್ರೇಲರಿನಲ್ಲೇ ನಿಂತಳು. ಎಮ್ಮೆ ಸುಮ್ಮನಾಯಿತು.

ಹಾಲಿನವನು ಗಾಡಿ ಬಿಟ್ಟ. ಹಿಂದೆ ಅಷ್ಟು ಭಾರವಿದ್ದರೂ ಎಂಜಿನ್ ನಿಲ್ಲಲಿಲ್ಲ. ಅವನಿಗೆ ಸಂತೋಷವಾಯಿತು. ಘಟ್ಟದ ಬುಡದಲ್ಲಿ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ.

"ಹೆಂಗೈತಿ ಹಿಂದೆ?"

ಬಾಳವ್ವ ಅಷ್ಟರಲ್ಲಿ ಎರಡು ಕಡೆ ತರಚಿಕೊಂಡಿದ್ದಳು. ಸೊಂಟ ನೋಯುತ್ತಿತ್ತು. ಅವಳು ಸೆರಗು ಸರಿಮಾಡಿಕೊಂಡು, "ಏನಿಲ್ಲ, ನಡೀರಿ" ಎಂದಳು.

ಅವನು ಗಾಡಿ ಮುಂದಕ್ಕೆ ಬಿಟ್ಟ. ಘಟ್ಟದ ಅರ್ಧದಲ್ಲಿ ರಸ್ತೆ ಕೆಲಸ ನಡೆದಿತ್ತು. ಕೆಂಪು ಬಾವುಟ ಹಿಡಿದವನು ಏರಿನಲ್ಲೇ ಗಾಡಿಗಳನ್ನು ನಿಲ್ಲಿಸಿದ. ಹಿಂದೆ ಲಾರಿಗಳು ಸಾಲುಗಟ್ಟಿದವು. ಬಾವುಟ ಇಳಿಯುತ್ತಲೇ ಹಾಲಿನವನು ಎಂದಿನಂತೆ ರೇಸ್ ಕೊಟ್ಟು ಕ್ಲಚ್ಚನ್ನು ಒಮ್ಮೆಲೇ ಬಿಟ್ಟ. ಪಿಕಪ್ ಚಿಮ್ಮಿ ಹೊರಟಿತು. ಕೊಂಡಿಯಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಮುಂದಿನ ಗಾಡಿ ಅಷ್ಟು ಸರಿದ ಮೇಲೆ ಹಿಂದಿನದಕ್ಕೆ ಎಳೆತ ಬೀಳುತ್ತದೆ, ಬೀಳುವಾಗ ಪೂರ್ತಿಯಾಗಿ ಬೀಳುತ್ತದೆ. ಎಮ್ಮೆ ಮುಂಗಾಲು ಮಡಚಿ ಪಕ್ಕಕ್ಕೆ ಉರುಳಿತು. ಬಾಳವ್ವನ ಕೈ ಎಮ್ಮೆಗೂ ಕಬ್ಬಿಣದ ತಡೆಗೂ ನಡುವೆ ಸಿಕ್ಕಿತು. ಅವಳು ಕೂಗಿದಳು. ಎಂಜಿನ್ನಿನ ಸದ್ದಿನಲ್ಲಿ ಅದು ಮುಂದಕ್ಕೆ ಮುಟ್ಟಲಿಲ್ಲ. ಹಾಲಿನವನು ಕನ್ನಡಿಯಲ್ಲಿ ನೋಡಿದ. ಪೇರಿಸಿದ ಚೀಲಗಳು ಮಾತ್ರ ಕಂಡವು.

ನೆತ್ತಿಯಿಂದ ಇಳಿಜಾರು ಶುರುವಾಯಿತು. ಗಾಡಿ ಹಗುರಾಯಿತು ಎಂದುಕೊಂಡು ಅವನು ಮೇಲಿನ ಗೇರಿಗೆ ಹೋದ. ಹಗುರಾಗಿರಲಿಲ್ಲ. ಅಲ್ಲಿಯವರೆಗೆ ಹಿಂದಕ್ಕೆ ಜಗ್ಗುತ್ತಿದ್ದ ಭಾರ ಈಗ ಮುಂದಕ್ಕೆ ದೂಡುತ್ತಿತ್ತು. ಅವನು ಬ್ರೇಕ್ ಒತ್ತಿದಾಗಲೆಲ್ಲ ಟ್ರೇಲರ್ ಬಂದು ಪಿಕಪ್‌ಗೆ ಗುದ್ದುತ್ತಿತ್ತು. ತಿರುವುಗಳಲ್ಲಿ ಅವನ ಗಾಲಿ ಡಾಂಬರಿನ ಮೇಲೆ ನುಣ್ಣಗೆ ಹೋಗುತ್ತಿತ್ತು. ಆದರೆ ಎಳೆಸಿಕೊಂಡು ಬರುವ ಗಾಲಿ ಎಳೆಯುವ ಗಾಲಿಯ ಜಾಡಿನಲ್ಲೇ ಬರುವುದಿಲ್ಲ. ಅದು ಒಳಮೈಗೆ ಸರಿದು ಬರುತ್ತದೆ. ಪ್ರತಿ ತಿರುವಿನಲ್ಲೂ ಟ್ರೇಲರಿನ ಗಾಲಿ ಅಂಚಿನ ಕಲ್ಲು ಗುಂಡಿಗಳಲ್ಲಿ ಬಿದ್ದು ಎದ್ದಿತು.

ಘಟ್ಟದ ಕೆಳಗೆ ಮರದ ನೆರಳಿನಲ್ಲಿ ಅವನು ನಿಲ್ಲಿಸಿದ. ಇಷ್ಟು ಭಾರ ಎಳೆದು ಒಮ್ಮೆಯೂ ಎಂಜಿನ್ ಆಫ್ ಆಗಲಿಲ್ಲ ಎಂದು ಹೆಂಡತಿಗೆ ಹೇಳಬೇಕೆಂದು ಇಳಿದು ಹಿಂದೆ ಬಂದ.

ಎಮ್ಮೆ ಮಲಗಿತ್ತು. ಅದರ ತಲೆ ಬಾಳವ್ವನ ತೊಡೆಯ ಮೇಲಿತ್ತು. ಅವಳ ಬಲಗೈ ಮಣಿಕಟ್ಟಿನ ಹತ್ತಿರ ಬಾಗಿ ಊದಿಕೊಂಡಿತ್ತು. ಹಲಗೆಯ ಮೇಲೆ ರಕ್ತವಿತ್ತು. ಅದು ಅವಳದಲ್ಲ, ಎಮ್ಮೆಯದು.

ಅವನು ಟ್ರೇಲರಿನ ಅಂಚು ಹಿಡಿದ. ಕಡೆಗೆ, "ಕೂಗಬಾರದಿತ್ತೇನ?" ಎಂದ.

"ಕೂಗಿದೆ" ಎಂದಳು ಬಾಳವ್ವ.

ಅಲ್ಲೇ ಹತ್ತಿರದ ಊರಿನಲ್ಲಿ ದನದ ದವಾಖಾನೆ ಇತ್ತು. ಡಾಕ್ಟರು ಬಂದು ನೋಡಿದರು. ಕರು ಒಳಗೇ ಸತ್ತಿತ್ತು. ಅದನ್ನು ಹೊರಗೆ ತೆಗೆಯಲು ಹೊತ್ತು ಹಿಡಿಯಿತು. ಹೆಣ್ಣುಗರು, ಮೈತುಂಬ ಕೂದಲು ಬಂದಿತ್ತು. ಹಾಲಿನವನು ತಾನೇ ಗುಂಡಿ ತೋಡಿ ಅದನ್ನು ಹೂಳಿದ. ಅಷ್ಟರಲ್ಲಿ ಸುದ್ದಿ ತಿಳಿದು ಅಡಿವೆಪ್ಪ ಬಸ್ಸಿನಲ್ಲಿ ಬಂದ. ತಂಗಿಯನ್ನು ಕರೆದುಕೊಂಡು ಹೋಗಿ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ.

ಇಳಿಹೊತ್ತಿಗೆ ಎಮ್ಮೆ ನಡುಗುತ್ತ ಎದ್ದು ನಿಂತಿತು. ಬಯಲಿನಲ್ಲಿ ಅದನ್ನು ಇರಿಸಿಕೊಳ್ಳುವಂತಿರಲಿಲ್ಲ. ಉಳಿದ ದಾರಿಯನ್ನು ಆ ದಿನವೇ ಮುಗಿಸಬೇಕಿತ್ತು. ಹಾಲಿನವನು ಗಾಡಿಯ ಬಾಗಿಲು ತೆಗೆದ. ಸೀಟನ್ನು ನೋಡಿದ. ಕೂರಲಿಲ್ಲ. ಬೀಗದ ಕೈಯನ್ನು ಅಡಿವೆಪ್ಪನ ಮುಂದೆ ಹಿಡಿದ.

ಅಡಿವೆಪ್ಪ ಹಿಂದೆ ಸರಿದ. "ಹಿಂದೆ ಟ್ರೇಲರ್ ಕಟ್ಟಿಕೊಂಡು ಬಿಡೋದು ನನಗೆ ಗೊತ್ತಿಲ್ಲ. ನೀವೇ ಬಿಡ್ರಿ."

"ನನಗೂ ಗೊತ್ತಿಲ್ಲ" ಎಂದ ಹಾಲಿನವನು.

ಬಾಳವ್ವ ಅಣ್ಣನ ಪಕ್ಕದಲ್ಲಿ ಕುಳಿತಳು. ಹಾಲಿನವನು ಟ್ರೇಲರ್ ಹತ್ತಿ, ಅವಳು ನಿಂತಲ್ಲಿ ನಿಂತು, ಎಮ್ಮೆಯ ಕೊರಳಿಗೆ ಕೈ ಹಾಕಿದ. ಎಮ್ಮೆ ಮುಖ ತಿರುಗಿಸಿತು.

ಅಡಿವೆಪ್ಪ ಹೆದರುತ್ತ ಗಾಡಿ ಬಿಟ್ಟ. ಒಂದನೇ ಗೇರಿನಲ್ಲಿ ಹಾಕಿ ಕ್ಲಚ್ಚನ್ನು ತೂಗಿ ತೂಗಿ ಎತ್ತಿದ. ಎಂಜಿನ್ ನಿಂತುಹೋಯಿತು. ಮತ್ತೆ ಶುರುಮಾಡಿದ. ದಾರಿಯ ಸಣ್ಣ ದಿಬ್ಬಗಳನ್ನು ಏರಿದ ಗೇರಿನಲ್ಲೇ ಇಳಿದ. ಅವನಿಗಿಂತ ಮೆಲ್ಲಗೆ ಯಾರೂ ಬಿಡಲಾರರು. ಆದರೂ ಗೇರ್ ಬದಲಿಸಿದಾಗಲೆಲ್ಲ ಹಾಲಿನವನ ಮೊಣಕಾಲು ಕಬ್ಬಿಣಕ್ಕೆ ಬಡಿಯಿತು. ಸಣ್ಣ ಗುಂಡಿಯೂ ಬೆನ್ನುಹುರಿಯವರೆಗೆ ಏರಿತು. ಎಲ್ಲಿ ತಿರುವು ಬರುತ್ತದೆ, ಯಾವಾಗ ಬ್ರೇಕ್ ಬೀಳುತ್ತದೆ ಎಂದು ಮೊದಲೇ ತಿಳಿಯುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದವನಿಗೆ ಅದು ಮೊದಲೇ ಗೊತ್ತಿರುತ್ತದೆ, ಅವನ ಮೈ ತಾನಾಗಿಯೇ ಸಜ್ಜಾಗುತ್ತದೆ. ಹಿಂದೆ ನಿಂತವನಿಗೆ ಪೆಟ್ಟು ಬಿದ್ದ ಮೇಲೆಯೇ ತಿಳಿಯುವುದು. ಎಮ್ಮೆಯ ಕಾಲು ಜಾರಿದಾಗ ಅವನು, "ಅಡಿವೆಪ್ಪಾ, ನಿಲ್ಲಿಸೋ!" ಎಂದು ಗಂಟಲು ಹರಿಯುವಂತೆ ಕೂಗಿದ. ಗಾಡಿ ಹೋಗುತ್ತಲೇ ಇತ್ತು. ಅವನು ಎಮ್ಮೆಯ ಕೊರಳಿಗೆ ಮುಖ ಒತ್ತಿಕೊಂಡು ಅತ್ತ.

ಊರು ಮುಟ್ಟಿದಾಗ ಅಡಿವೆಪ್ಪ ಇಳಿದು ಬಂದು, "ತ್ರಾಸ ಆಯ್ತೇನ್ರಿ?" ಎಂದು ಕೇಳಿದ. ಹಾಲಿನವನ ಬಾಯಿಗೆ ಬಂದ ಮಾತು "ಏನಿಲ್ಲ" ಎಂಬುದು. ಪಾಪ, ಹೆದರಿ ಹೆದರಿ ಕರೆತಂದಿದ್ದಾನೆ, ಏಕೆ ನೋಯಿಸಬೇಕು ಎನಿಸಿತು. ಆ ಮಾತು ಹೊರಬೀಳುವ ಮುಂಚೆ ಅವನು ಬಾಳವ್ವನನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು.

"ಆಯ್ತು. ಬಹಳ ತ್ರಾಸ ಆಯ್ತು" ಎಂದ.

ಬಾಳವ್ವನ ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಆ ಕೈಯಿಂದ ಹಾಲು ಹಿಂಡಲು ಆಗಲಿಲ್ಲ. ಅವತ್ತಿನಿಂದ ಹಿಂಡುವ ಕೆಲಸ ಗಂಡನದಾಯಿತು. ಎಮ್ಮೆ ಅವನನ್ನು ಹತ್ತಿರ ಬಿಟ್ಟುಕೊಳ್ಳಲು ಬಹಳ ದಿನ ಹಿಡಿಯಿತು. ಮುಂದೆ ಅವನು ಎಷ್ಟೋ ಸಲ ಟ್ರೇಲರ್ ಎಳೆದ. ಜನರ ದನಕರುಗಳನ್ನು, ಮೇವನ್ನು ಸಾಗಿಸಿದ. ಹೊರಡುವಾಗ ಕೊಂಡಿ ಬಿಗಿಯಾಗುವವರೆಗೆ ಗಾಡಿಯನ್ನು ತೆವಳಿಸಿ, ಆಮೇಲೆ ಎಳೆಯುತ್ತಿದ್ದ. ತಿರುವಿನಲ್ಲಿ ಹೊರ ಅಂಚಿನ ಕಡೆಯಿಂದ ಹಾದು ಬರುತ್ತಿದ್ದ. ಏರಿನಲ್ಲಿ ಅವನ ಎಂಜಿನ್ ಒಮ್ಮೊಮ್ಮೆ ನಿಂತುಬಿಡುತ್ತಿತ್ತು. ಹಿಂದಿನವರು ಹಾರ್ನ್ ಹೊಡೆದು ಬೈದರೆ ಬೈಸಿಕೊಳ್ಳುತ್ತಿದ್ದ.

ಗುರುಗಳ ಕತೆ ಇಲ್ಲಿಗೆ ಮುಗಿಯಿತು.

ಕತೆಯಲ್ಲಿ ಒಂದು ಮಾತು ಗುರುಪಾದ ದೇವರನ್ನು ಕೊರೆಯುತ್ತಿತ್ತು.

"ಅಜ್ಜಾರೇ, ಘಟ್ಟ ಹತ್ತುವ ಮುಂಚೆ ಅವನು ಕೇಳಿದ್ದನಲ್ಲ? ಆಗಲೇ ಆ ತಾಯಿಗೆ ನೋವಾಗಿತ್ತು. ನೋಯುತ್ತಿದೆ ಎಂದು ಅವಳು ಆಗ ಏಕೆ ಹೇಳಲಿಲ್ಲ?"

ಗುರುಗಳು ಶಿಷ್ಯನ ಬತ್ತಿದ ಕೆನ್ನೆಗಳನ್ನು, ಎಲುಬು ಕಾಣುವ ಹೆಗಲನ್ನು ನೋಡಿದರು. ಅವರ ದನಿ ತಗ್ಗಿತು.

"ತಮ್ಮಾ, ಇಷ್ಟು ವರ್ಷದಲ್ಲಿ ನೀನು ನನಗೆ ಒಮ್ಮೆಯಾದರೂ ಹೇಳಿದ್ದೀಯಾ?"

ಗುರುಪಾದ ದೇವರು ಎದ್ದು, ಆಸ್ಪತ್ರೆಯಲ್ಲಿದ್ದ ಸಾಧಕನನ್ನು ನೋಡಲು ಹೊರಟರು.