ಸಿರಿಯಕ್ಕನ ಹೆಜ್ಜೆಯ ಕಲ್ಲುಗಳು

ಬಹಳ ಹಿಂದೆ, ಇವತ್ತಿನ ಮುದುಕರ ಮುತ್ತಜ್ಜಂದಿರು ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಒಂದು ಪಟ್ಟಣ. ಆ ಪಟ್ಟಣದ ಅಂಚಿನ ಕೇರಿಯಲ್ಲಿ ಓಬಳಪ್ಪ ಅಂತ ಒಬ್ಬ ಕಲ್ಲುಕೆಲಸದವನಿದ್ದನಂತೆ. ಅವನು ಕೂರಿಸಿದ ಕಲ್ಲು ಅಲುಗುತ್ತಿರಲಿಲ್ಲವಂತೆ. ಬೆಳಿಗ್ಗೆ ಹೋಗಿ ಕಲ್ಲಿನ ಪಕ್ಕ ಕೂತು ಎಲೆಅಡಿಕೆ ಹಾಕಿಕೊಂಡನೆಂದರೆ, ಯಾವ ಮಗ್ಗುಲು ಮೇಲಕ್ಕೆ ಬರಬೇಕೆಂದು ಕಲ್ಲೇ ಅವನಿಗೆ ಹೇಳುತ್ತಿತ್ತಂತೆ. ಆನೆಯಷ್ಟು ದೊಡ್ಡ ಬಂಡೆ ಅವನು ಕರೆದರೆ ಹಿಂದೆಯೇ ಬರುತ್ತಿತ್ತು ಅನ್ನುವವರೂ ಇದ್ದಾರೆ. ಅಷ್ಟನ್ನೆಲ್ಲ ನಂಬಬೇಕಾಗಿಲ್ಲ. ಬಂಡೆ ಹಾಗೆ ಬರುವುದಾಗಿದ್ದರೆ ಅವನ ಬೆನ್ನು ಯಾಕೆ ಬಾಗುತ್ತಿತ್ತು?

ಅವನ ಹೆಂಡತಿ ಸಿರಿಯಕ್ಕ. ಕಲ್ಲುಗಣಿಯಲ್ಲಿ ಬುಟ್ಟಿ ಹೊತ್ತು ಇಳಿಯುವಾಗ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿ, ಅವಳ ಹೆಜ್ಜೆ ಗಿಡ್ಡವಾಗಿಬಿಟ್ಟಿತ್ತು. ಅಂಗಳದಾಚೆ ಕಾಲಿಡುವುದನ್ನೇ ಬಿಟ್ಟಳಂತೆ. ನೋವಿಗಲ್ಲ. ಸಂತೆಗೋ ಮದುವೆಗೋ ಹೊರಟರೆ ಜೊತೆಯವರು ಮುಂದೆ ಮುಂದೆ ಹೋಗಿ, ನಿಂತು, ಇವಳಿಗಾಗಿ ಕಾಯುತ್ತಿದ್ದರಲ್ಲ, ಆ ಕಾಯುವ ಮುಖಗಳನ್ನು ನೋಡಲಾರದೆ. ಓಬಳಪ್ಪ ಕರೆದು ಕರೆದು ಸೋತ. ಹೆಂಡತಿ ಮೊದಲಿನ ಹಾಗೆ ನಾಲ್ಕು ಜನರ ನಡುವೆ ಓಡಾಡಬೇಕು ಅನ್ನುವುದೊಂದೇ ಅವನ ಆಸೆಯಾಗಿತ್ತು.

ಹೀಗಿರುವಾಗ ಆ ಪಟ್ಟಣದ ದೊಡ್ಡವರಿಗೆ ಜಪಾನಿನ ತೋಟ ಮಾಡಿಸುವ ಹುಚ್ಚು ಹಿಡಿಯಿತಂತೆ. ಹಡಗು ಹತ್ತಿ ಜಪಾನಿನಿಂದ ಒಬ್ಬ ಮುದುಕ ಬಂದ. ಕೊಳ ತೋಡಿಸಿದ, ಗುಡ್ಡ ಮಾಡಿಸಿದ, ಕಲ್ಲಿನ ದೀಪದ ಗೂಡು ನಿಲ್ಲಿಸಿದ. ಮಲ್ಲಿಗೆ ಇಲ್ಲ, ಕನಕಾಂಬರ ಇಲ್ಲ, ಇದೆಂಥ ತೋಟ ಅಂತ ಜನ ಆಡಿಕೊಂಡರಂತೆ. ಮುದುಕ ನಗುತ್ತಿದ್ದ. ನಮ್ಮ ಮಾತಿನಲ್ಲಿ ಅವನಿಗೆ ಬರುತ್ತಿದ್ದದ್ದು ‘ನಿಧಾನ’ ಅನ್ನುವ ಒಂದೇ ಪದ. ಕಲ್ಲು ಸಾಗಿಸುವ ಆಳುಗಳ ಬಾಯಿಂದ ಕಲಿತದ್ದು. ಕೊಳ ದಾಟಲು ನೀರಿನಲ್ಲಿ ಕಲ್ಲು ಕೂರಿಸುವ ಕೆಲಸವನ್ನು ಓಬಳಪ್ಪನಿಗೆ ವಹಿಸಿ, ತನ್ನ ಕಾಲು ತೋರಿಸಿ, ನಿಧಾನ, ನಿಧಾನ ಅಂದನಂತೆ. ಇಲ್ಲಿ ಬಂದವರು ಅವಸರ ಬಿಟ್ಟು ನಡೆಯಬೇಕು ಅನ್ನುವುದು ಓಬಳಪ್ಪನಿಗೆ ತಿಳಿಯಿತು. ಅವಸರವಿಲ್ಲದ ನಡಿಗೆ ಅಂದರೆ ಅವನಿಗೆ ಗೊತ್ತಿದ್ದದ್ದು ಒಬ್ಬಳದೇ.

ಮರುದಿನದಿಂದ ಅವನು ಮನೆಯಲ್ಲಿ ಎಲೆಅಡಿಕೆ ಚೀಲ ಕಳೆದುಕೊಳ್ಳತೊಡಗಿದ. ಸಿರಿಯಕ್ಕ ಬಚ್ಚಲಿನಿಂದ ಒದ್ದೆಗಾಲಲ್ಲಿ ಅಂಗಳ ದಾಟಿದಳೋ ಇಲ್ಲವೋ, ಇವನು ಹಿಂದೆಯೇ ಕುಕ್ಕರಗಾಲಲ್ಲಿ ಕೂತು ನೆಲ ತಡಕುತ್ತಿದ್ದನಂತೆ. ಚೀಲ ಹುಡುಕುವ ನೆಪದಲ್ಲಿ ಒಂದು ಒದ್ದೆ ಹೆಜ್ಜೆಯಿಂದ ಇನ್ನೊಂದಕ್ಕೆ ಹಗ್ಗ ಹಿಡಿದು ಗಂಟು ಹಾಕಿಕೊಳ್ಳುತ್ತಿದ್ದ.

“ಸೊಂಟಕ್ಕೆ ಕಟ್ಕಂಡಿರೋ ಚೀಲಾನ ನೆಲದಾಗೆ ಹುಡುಕ್ತೀಯಲ್ಲ, ನಿಂಗೇನು ಅರಳುಮರಳಾ?” ಅಂತ ಅವಳು ಬೈದರೆ, ಇರಬೇಕು ಅಂತ ತಲೆ ಕೆರೆದುಕೊಳ್ಳುತ್ತಿದ್ದನಂತೆ.

ಆ ಗಂಟುಗಳ ಪ್ರಕಾರವೇ ನೀರಿನಲ್ಲಿ ಕಲ್ಲು ಕೂರಿಸಿದ. ಅಂಗಳ ದಾಟುವಾಗ ಅವಳು ಬೇವಿನ ಮರದ ಹತ್ತಿರ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಅದಕ್ಕೆ ಸರಿಯಾಗಿ ಕೊಳದ ನಡುವೆ ಒಂದು ಅಗಲದ ಕಲ್ಲು ಹಾಕಿದ.

ತೋಟ ನೋಡಲು ಬಂದ ದೊಡ್ಡವರು ಎಂದಿನಂತೆ ದಾಪುಗಾಲು ಹಾಕಿದರು. ಕಲ್ಲುಗಳೋ ಹತ್ತಿರ ಹತ್ತಿರ. ಒಬ್ಬರು ಮುಗ್ಗರಿಸಿದರು. ಇನ್ನೊಬ್ಬರ ಜರಿಪೇಟ ನೀರಿಗೆ ಬಿತ್ತು, ಮೀನುಗಳು ಅದನ್ನು ಮೂಸಿ ನೋಡಿ ಬಿಟ್ಟವಂತೆ. ತೋಟದ ಪಾರುಪತ್ಯಗಾರ ಕೆಂಡವಾದ. ನಾಳೆಯೇ ಇಷ್ಟೂ ಕಲ್ಲು ಕಿತ್ತು ದೂರ ದೂರ ಕೂರಿಸಬೇಕು ಅಂತ ಅಪ್ಪಣೆ ಮಾಡಿದ. ಜಪಾನಿನ ಮುದುಕ ನಿಧಾನ, ನಿಧಾನ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಿರಿಯಕ್ಕನನ್ನು ಹೊರಗೆ ಕರೆತರಲು ಬೇರೆ ದಾರಿ ಓಬಳಪ್ಪನಿಗೆ ಗೊತ್ತಿರಲಿಲ್ಲ.

“ಕೀಳ್ತೀನಿ ಬುದ್ಧಿ. ಕೀಳೋಕೆ ಮುಂಚೆ ನನ್ ಹೆಂಡ್ರು ಒಂದು ಕಿತ ಇದರ ಮ್ಯಾಲೆ ನಡೀಲಿ,” ಅಂತ ಕೈಮುಗಿದ. ಒಂದು ಸಲ ತಾನೇ ಅಂತ ಪಾರುಪತ್ಯಗಾರ ಒಪ್ಪಿದನಂತೆ.

ಸಿರಿಯಕ್ಕ ಬರುವುದಿಲ್ಲ ಅಂದಳು. ಅಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ನೀನೇ ಮೊದಲು, ಮುಂದೆ ನಿಂತು ಕಾಯುವವರು ಯಾರೂ ಇರುವುದಿಲ್ಲ ಅಂತ ಓಬಳಪ್ಪ ಗೋಗರೆದ. ಅದನ್ನು ಕೇಳಿ ಅವಳು ಸೆರಗು ಸರಿಮಾಡಿಕೊಂಡು ಗಾಡಿ ಹತ್ತಿದಳಂತೆ.

ಅವಳು ಮೊದಲ ಕಲ್ಲಿಗೆ ಕಾಲಿಟ್ಟಳು. ಸರಿಹೋಯಿತು. ಎರಡನೆಯದೂ ಸರಿಹೋಯಿತು. ಹಿಂದೆ ಓಬಳಪ್ಪ, ಅವನ ಹಿಂದೆ ಬೇಗ ಮುಗಿದರೆ ಸಾಕೆಂದು ಪಾರುಪತ್ಯಗಾರ, ಅವನ ಹಿಂದೆ ತಮಾಷೆ ನೋಡಲು ಬಂದ ಊರಿನ ದೊಡ್ಡವರೆಲ್ಲ. ಮುಂದೆ ನುಗ್ಗಲು ಜಾಗವಿಲ್ಲ. ಅವಳು ಹೆಜ್ಜೆ ಎತ್ತಿದಾಗ ಇವರೂ ಎತ್ತಬೇಕು. ಅವತ್ತು ಒಬ್ಬರೂ ಮುಗ್ಗರಿಸಲಿಲ್ಲವಂತೆ.

ಅಗಲದ ಕಲ್ಲಿನ ಮೇಲೆ ಸಿರಿಯಕ್ಕ ನಿಂತು ಹಿಂದಿರುಗಿ ನೋಡಿದಳು. ದೊಡ್ಡವರೆಲ್ಲ ಕೊಕ್ಕರೆಗಳ ಹಾಗೆ ಸಾಲಾಗಿ ನಿಂತಿದ್ದರು. ಅವಳು ತನ್ನ ಕಾಲು ನೋಡಿಕೊಂಡಳು, ಕಲ್ಲು ನೋಡಿದಳು, ಗಂಡನ ಮುಖ ನೋಡಿದಳು.

“ಇದಕ್ಕೇನಾ ನೀನು ಚೀಲ ಹುಡುಕ್ತಿದ್ದಿದ್ದು?”

ಓಬಳಪ್ಪ ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ ಅವಳ ಕೈಗೆ ಕೊಟ್ಟನಂತೆ. ಅವಳು ಅಗಿಯುವಷ್ಟು ಹೊತ್ತು ಪಾರುಪತ್ಯಗಾರನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ನೀರು ನೋಡಿದ, ನೀರಿನೊಳಗೆ ತಲೆಕೆಳಗಾದ ಗುಡ್ಡ ನೋಡಿದ. ತನ್ನದೇ ಉಸ್ತುವಾರಿಯ ತೋಟವನ್ನು ಅವನು ಕಣ್ತುಂಬ ನೋಡಿದ್ದು ಅವತ್ತೇ ಮೊದಲು. ಕಲ್ಲು ಕೀಳುವ ಮಾತನ್ನು ಆಮೇಲೆ ಅವನು ಎತ್ತಲಿಲ್ಲ. ಸಿರಿಯಕ್ಕ ಮುಂದೆ ಸಂತೆಗೂ ಹೋದಳು, ಮದುವೆಗೂ ಹೋದಳು. ಕಾಯುವವರು ಕಾಯಲಿ ಅಂದಳಂತೆ.

ಇವತ್ತಿಗೂ ಆ ತೋಟದಲ್ಲಿ ಕೊಳ ದಾಟುವಾಗ ಗುಂಪಿನಲ್ಲಿ ಯಾರ ನಡಿಗೆ ನಿಧಾನವೋ ಅವರನ್ನೇ ಮುಂದೆ ಬಿಡುತ್ತಾರೆ. ಅವರು ಅಗಲದ ಕಲ್ಲಿನ ಮೇಲೆ ನಿಂತು, ಹಿಂದಿರುಗಿ, “ಚೀಲ ಸಿಕ್ತಾ?” ಅಂತ ಕೇಳುತ್ತಾರೆ. ಹಿಂದೆ ಇರುವವರು, ಗುರುತಿನವರಾಗಲಿ ಅಲ್ಲದವರಾಗಲಿ, “ಸಿಕ್ತು” ಅನ್ನಬೇಕು.