ರೆನಾಟಳ ಅಳತೆ

೧೯೬೨ರ ಜನವರಿ ೧೧, ಗುರುವಾರ. ನನ್ನ ದಿನಚರಿಯ ಆ ಪುಟದ ಮೊದಲ ಸಾಲೇ ನಾನು ಕೇಳಿದ ಪ್ರಶ್ನೆ: "ಫಾದರ್, ರೆನಾಟ ಎಂದರೆ ಮರಳಿ ಹುಟ್ಟಿದವಳು. ಹೋದವಳೇ ಬಂದಳೆಂದು ನಂಬಿ ಮಗುವಿಗೆ ಆ ಹೆಸರಿಟ್ಟರೆ ತಪ್ಪೇ?"

ನನ್ನ ಹಿರಿಯ ಮಗಳು ಎಮಿಲಿಯಾನ ನಾಲ್ಕು ವರ್ಷದವಳಿದ್ದಾಗ ಗಂಟಲುಮಾರಿಯಿಂದ ತೀರಿಕೊಂಡಿದ್ದಳು. ಎರಡನೆಯವಳಿಗೆ ಅಂದು ಹನ್ನೆರಡು ದಿನ. ಭಾನುವಾರ ಜ್ಞಾನಸ್ನಾನ. ಮಗುವನ್ನು ನೋಡಲು ಬಂದಿದ್ದವರು ಫಾದರ್ ಹಿಲರಿ ಪಿರೇರಾ; ಕಾಲೇಜಿನಲ್ಲಿ ನನಗೆ ಲ್ಯಾಟಿನ್ ಕಲಿಸಿದ ಗುರುಗಳು.

"ಇಡೀ ಕಾಲೇಜಿಗೆ ಲ್ಯಾಟಿನ್‌ನಲ್ಲಿ ಮೊದಲು ಬಂದವಳು ನೀನು. ಹಲ್ಲು ಉದುರಿದ ಮುದುಕನನ್ನು ಕೇಳುತ್ತೀಯಲ್ಲ, ಮಗಳೇ" ಎಂದು ನಕ್ಕರು. ಆಮೇಲೆ ಹೇಳಿದರು: "ಅದು ಹಿಂದಿನ ಕ್ರೈಸ್ತರು ಜ್ಞಾನಸ್ನಾನವನ್ನು ನೆನೆದು ಇಟ್ಟುಕೊಂಡ ಹೆಸರು. ಆ ನೀರಿನಿಂದ ಎದ್ದವರೆಲ್ಲ ಹೊಸದಾಗಿ ಹುಟ್ಟಿದವರು. ಸತ್ತವರು ತಿರುಗಿ ಬಂದರೆಂದು ಅದರ ಅರ್ಥವಲ್ಲ. ಒಂದು ಕತೆ ಇದೆ, ಕೇಳು.

"ಒಬ್ಬಳು ಬಟ್ಟೆ ಹೊಲಿಯುವವಳಿದ್ದಳು. ಇಗರ್ಜಿಯಲ್ಲಿ ಮಗಳು ಮೊದಲ ಪರಮಪ್ರಸಾದ ಪಡೆಯುವ ದಿನಕ್ಕೆಂದು ಬಿಳಿ ಫ್ರಾಕು ಹೊಲಿದಳು. ಆ ದಿನ ಬರುವ ಮೊದಲೇ ಮಗಳು ತೀರಿಹೋದಳು. ಫ್ರಾಕು ಪೆಟ್ಟಿಗೆ ಸೇರಿತು. ಇನ್ನೊಂದು ಹೆಣ್ಣು ಹುಟ್ಟಿತು. ತಾಯಿ ಅದಕ್ಕೆ ರೆನಾಟ ಎಂದು ಹೆಸರಿಟ್ಟಳು. ಹೋದವಳ ಬಟ್ಟೆಗಳ ಅಳತೆಯ ಚೀಟಿಗಳು ಅವಳ ಬಳಿ ಇದ್ದವು. ವರ್ಷ ವರ್ಷವೂ ಅದೇ ಅಳತೆಗೆ ಈ ಮಗುವಿನ ಬಟ್ಟೆ ಕತ್ತರಿಸಿದಳು. ಮಗುವಿಗೆ ಏಳು ತುಂಬಿತು. ಪೆಟ್ಟಿಗೆಯಿಂದ ಬಿಳಿ ಫ್ರಾಕು ಹೊರಗೆ ಬಂತು. ಭುಜ ಬಿಗಿಯಾಯಿತು.

"'ಸ್ವಲ್ಪ ಕುಗ್ಗಿಸು, ಸರಿಯಾಗಿ ಕೂರುತ್ತದೆ' ಎಂದಳು ತಾಯಿ.

"ಮಗು ಭುಜ ಕುಗ್ಗಿಸಿತು. 'ಅಮ್ಮಾ, ಊರ ಮಕ್ಕಳಿಗೆಲ್ಲ ಟೇಪು ಹಿಡಿದು ನೋಡುತ್ತೀ. ನನಗೆ ಒಂದು ಸಲವೂ ಹಿಡಿದಿಲ್ಲವಲ್ಲ?'

"'ನಿನ್ನ ಅಳತೆ ನನಗೆ ಬಾಯಿಪಾಠ ಕಣೇ!'

"ಮಗು ಭುಜ ಕುಗ್ಗಿಸಿಕೊಂಡೇ ಇಗರ್ಜಿಗೆ ನಡೆಯಿತು. ದೊಡ್ಡವಳಾದ ಮೇಲೂ ನೆಟ್ಟಗೆ ನಿಲ್ಲಲಿಲ್ಲ."

ಫಾದರ್ ಅಲ್ಲಿಗೆ ನಿಲ್ಲಿಸಿದರು. ನಾನು ಬಿಡಲಿಲ್ಲ. "ತಾಯಿಯ ಆಸೆ ಏನಾಯಿತು, ಫಾದರ್? ಹೋದವಳು ಬಂದಳೇ?"

"ತಾಯಿ ಹೋದವಳಿಗಾಗಿ ಕಾದಳು, ಬಂದವಳು ತಾಯಿಗಾಗಿ ಕಾದಳು."

ಪುಟದ ಕೊನೆಯ ಸಾಲು ಅದೇ.

ಭಾನುವಾರ ಮಗುವಿಗೆ ರೆನಾಟ ಎಂದೇ ಹೆಸರಿಟ್ಟೆ. ನಾನು ಕೊಟ್ಟ ಅರ್ಥವನ್ನೂ ಬಿಡಲಿಲ್ಲ.

ಎಮಿಲಿಯಾನಳ ಮೊದಲ ಹಲ್ಲು, ಮೊದಲ ಹೆಜ್ಜೆ, ಮೊದಲ ಮಾತು, ಎಲ್ಲದರ ತಾರೀಖೂ ನನ್ನ ದಿನಚರಿಗಳಲ್ಲಿದೆ. ಹೋದ ವಾರ ರೆನಾಟ ತನ್ನ ಮೊಮ್ಮಗನನ್ನು ಕೈಹಿಡಿದು ನಡೆಸುತ್ತ, "ಮಮ್ಮಿ, ನಾನು ನಡೆದದ್ದು ಯಾವಾಗ? ನಿಮ್ಮ ಪುಸ್ತಕದಲ್ಲಿ ಇಲ್ಲದ್ದು ಏನಿದೆ, ನೋಡಿ ಹೇಳಿ" ಎಂದಳು. ಅರುವತ್ತೆರಡನೆಯ ಇಸವಿಯದನ್ನೂ ಅರುವತ್ತಮೂರರದನ್ನೂ ಪುಟ ಬಿಡದೆ ಓದಿದೆ. ಎಮಿಲಿಯಾನ ಇದ್ದಿದ್ದರೆ ಇಂದಿಗೆ ಎಷ್ಟು ವರ್ಷವಾಗುತ್ತಿತ್ತು ಎಂದು ಎಲ್ಲ ತಿಂಗಳಲ್ಲೂ ಬರೆದಿದ್ದೇನೆ. ರೆನಾಟ ಯಾವ ದಿನ ನಡೆದಳೆಂದು ಎಲ್ಲಿಯೂ ಬರೆದಿಲ್ಲ.