ಗೆದ್ದ ದಿನ ಕೇಳಿದ ಪ್ರಶ್ನೆ

ಮೊಲಗಳ ಫುಟ್‌ಬಾಲ್ ತಂಡ ಗೆದ್ದ ಸಂಜೆ, ಸ್ಟೇಡಿಯಂ ಕಟ್ಟಿಸಿದ ನರಿ ಮೈದಾನದಲ್ಲಿ ನಿಂತು ಅಭಿಮಾನಿಗಳಿಗೆ ಕೈ ಮುಗಿಯಿತು. "ಮಹಾಜನರೇ, ನಮ್ಮ ಹೊಸ ಸ್ಟೇಡಿಯಂ ಹೇಗಿದೆ? ಮುಚ್ಚುಮರೆಯಿಲ್ಲದೆ ಹೇಳಿ."

"ಅರಮನೆ!" ಎಂದು ಗ್ಯಾಲರಿಯ ಮೇಕೆಗಳು ಕುಣಿದವು. ಮಳೆಗೆ ಸೂರು ಸೋರಿ ಅವುಗಳ ಗಡ್ಡ ಇನ್ನೂ ತೊಟ್ಟಿಕ್ಕುತ್ತಿತ್ತು.

ಮರಿಗಳೊಂದಿಗೆ ಮೇಲಿನ ಸಾಲಿನಲ್ಲಿ ಕೂತಿದ್ದ ಮುಂಗುಸಿ ಮಾತ್ರ ಕುಣಿಯಲಿಲ್ಲ. ಅತಿ ವಿನಯ ಧೂರ್ತ ಲಕ್ಷಣ ಎಂದುಕೊಂಡು ನರಿಯನ್ನು ಕೇಳಿತು:

"ಸ್ವಾಮಿ, ಹೋದ ವಾರ ತಂಡ ಸೋತಾಗ ಇದೇ ಮೇಕೆಗಳು ಇದನ್ನು ಹಂದಿಗೂಡು ಅಂತ ಬೈದವು. ಆವತ್ತು ಯಾಕೆ ಕೇಳಲಿಲ್ಲ?"

"ದುಃಖದಲ್ಲಿ ಇರುವವರನ್ನು ಪೀಡಿಸಬಾರದಮ್ಮ."

"ಒಳ್ಳೆಯದು. ಹಾಗಾದರೆ ಮೇಲೆ ಬಂದು, ನಮ್ಮ ಪಕ್ಕದಲ್ಲೇ ಕೂತು ಕೇಳಿ."

"ಇವಳಿಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ" ಎಂದು ಮೇಕೆಯೊಂದು ಗೊಣಗಿತು.

ನರಿ ನಗುನಗುತ್ತಲೇ ಬಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿತು. ಹಲಗೆ ಕಿರ್ರೆಂದಿತು. ನರಿ ತಲೆಯೆತ್ತಿ ಗ್ಯಾಲರಿಯ ಕಂಬಗಳನ್ನೊಮ್ಮೆ ನೋಡಿ, ಇಟ್ಟ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಿತು.

"ಇಲ್ಲಿಂದಲೇ ಚೆನ್ನಾಗಿ ಕೇಳಿಸುತ್ತೆ, ಬಿಡಿ."

ಮುಂಗುಸಿಗೆ ಅಷ್ಟೇ ಸಾಕಾಯಿತು. "ಏಳಿ, ಓಡಬೇಡಿ, ಒಬ್ಬೊಬ್ಬರಾಗಿ ಮೆಲ್ಲಗೆ ಇಳೀರಿ" ಎಂದು ಮರಿಗಳನ್ನು ಮುಂದೆ ಬಿಟ್ಟುಕೊಂಡು ಹೊರಟಿತು.

"ಗೆದ್ದ ದಿನವೂ ಅಪಶಕುನ!" ಎಂದು ಮೇಕೆಗಳು ಬೈದವು.

ಮುಂಗುಸಿ ಮರಿಗಳೊಂದಿಗೆ ಗೇಟು ದಾಟುವಷ್ಟರಲ್ಲಿ ನರಿ ಅದಕ್ಕಿಂತ ಮೊದಲೇ ಹೊರಗೆ ಬಂದು ರಸ್ತೆಯ ಆಚೆ ಬದಿಯಲ್ಲಿ ನಿಂತಿತ್ತು. ಅಲ್ಲಿಂದಲೇ ಎರಡೂ ಕೈ ಮುಗಿದು ಕೂಗಿತು:

"ಇನ್ನೊಮ್ಮೆ ಜೋರಾಗಿ ಹೇಳಿ ಮಹಾಜನರೇ, ಹೇಗಿದೆ ನಮ್ಮ ಸ್ಟೇಡಿಯಂ?"

ಒಳಗೆ ಮೇಕೆಗಳು ಮತ್ತೆ ಕುಣಿದವು.